‘ವಾಪಸ್ ಇಲ್ಲ’ ಅಂತ ಬರದಾರ ಅಂದಕೂಡ್ಲೆ ಮುಗೀತೇನು?

‘ನಾನ್-ರಿಫಂಡೆಬಲ್’ ಅನ್ನೋ ಶಬ್ದ ನಮ್ಮ ಹೆಣ್ಣುಮಕ್ಕಳ ಬಾಯಿಗೆ ಬೀಗ ಹಾಕಲಿಕ್ಕೇ ಹುಟ್ಟೇದೋ ಏನೋ ಅಂತ ನನಗ ಅನಸ್ತದ. ಬದನಿಕಾಯಿಯೊಳಗ ಹುಳಕ ಬಂದ್ರ ಮರುದಿನ ಅದನ್ನ ಚೀಲದಾಗ ಹಾಕ್ಕೊಂಡು ಹೋಗಿ ಕಾಯಿಪಲ್ಲೆದಾಕಿ ಮುಂದ ಸುರುವಿ ಬದ್ಲಿ ಇಸಗೊಂಡು ಬರ್ತೇವಿ. ಬ್ಲೌಸಿನ ತೋಳು ಅರ್ಧ ಇಂಚು ಬಿಗಿ ಆದ್ರ ಟೇಲರ್ ಅಂಗಡಿ ಮುಂದ ನಿಂತು ಬಿಚ್ಚಿಸಿ ಹೊಲಸ್ತೇವಿ. ಎರಡು ರೂಪಾಯಿ ಕೊತ್ತಂಬ್ರಿ ಕಡ್ಡಿಗೆ ಇಷ್ಟು ಜೋರು ಮಾಡೋ ನಾವು, ಇಪ್ಪತ್ತು ಸಾವಿರ ರೂಪಾಯಿ ಹೊಟೇಲ್ ಬುಕ್ಕಿಂಗ್ ಅಂದ್ರ ಮಾತ್ರ ಮೆತ್ತಗಾಗಿಬಿಡತೇವಿ. “ಬರದಾರಲ್ಲವಾ, ಕೊಡಂಗಿಲ್ಲ ಅಂತ” ಅಂತೇವಿ. ಬರದದ್ದು ಯಾರು? ತಗೊಳ್ಳೋರು ತಾವ ಬರಕೊಂಡಾರ. ಅದನ್ನ ಹಣೆಬರಹ ಅಂತ ನಾವ್ಯಾಕ ತಿಳೀಬೇಕು?

ಮೊದಲು ನಮ್ಮ ಲೆಕ್ಕಾ ಹೇಳಿಬಿಡತೇನಿ. ಲೆಕ್ಕಾ ಇಲ್ಲದ ಸಿಟ್ಟಿಗೆ ಕಿಮ್ಮತ್ತಿಲ್ಲ.

2024ರ ದಸರಾ ಸೂಟಿಗೆ ಊಟಿಗೆ ಹೋಗೂದು ಅಂತ ನಾನೂ ನನ್ನ ವಾರಗಿತ್ತಿನೂ ಆಗಸ್ಟ್ ತಿಂಗಳದಾಗನ ಠರಾಯಿಸಿದ್ವಿ. ಎರಡು ರೂಮು, ಮೂರು ರಾತ್ರಿ, ಅಕ್ಟೋಬರ್ 10, 11, 12. ರೊಕ್ಕ ಗಂಡಸರ ಪಗಾರದಿಂದ ಬಂದದ್ದಲ್ಲ. ನನ್ನದು ಭಿಶಿ ಎತ್ತಿದ್ದು, ಆಕೀದು ವರ್ಷಪೂರ್ತಿ ಚಕ್ಕಲಿ-ಶೇವು ಆರ್ಡರ್ ಮಾಡಿ ಡಬ್ಬಿಯೊಳಗ ಕೂಡಿಸಿದ್ದು. ಆ್ಯಪ್‌ನಾಗ ಒಂದ ರೂಮಿಗೆ ಎರಡು ದರ ತೋರಸ್ತಿತ್ತು. ರದ್ದು ಮಾಡಿದ್ರ ರೊಕ್ಕ ವಾಪಸ್ ಬರೋದಕ್ಕ ರಾತ್ರಿಗೆ 3,900, ಬರದೇ ಇರೋದಕ್ಕ 3,400. ನಾವು ಓದಿ, ತಿಳಕೊಂಡ 3,400ರದ್ದು ಒತ್ತಿದ್ವಿ. ಎಲ್ಲಾ ಕೂಡಿ 20,400. ನಮಗ ಉಳಿದದ್ದು 3,000. ಈ ಎರಡು ಅಂಕಿ ಒಂದರ ಬಾಜೂಕ ಒಂದಿಟ್ಟು ನೋಡ್ರಿ. ಮೂರು ಸಾವಿರ ಬಿಟ್ಟುಕೊಟ್ಟವರು ಇಪ್ಪತ್ತು ಸಾವಿರದ ನಾನೂರು ನುಂಗಬಹುದು ಅಂತ ಕರಾರು!

ಅಕ್ಟೋಬರ್ 4, ಶುಕ್ರವಾರ, ವಾರಗಿತ್ತಿ ಮಗಗ ಜ್ವರ ಬಂದ್ವು. ಒಂಬತ್ತು ವರ್ಷದ ಹುಡುಗ, ಕಣ್ಣಿನ ಹಿಂದ ನೋವು ಅಂತ ಅಳ್ತಿದ್ದ. ಆ ವರ್ಷ ಡೆಂಗ್ಯೂ ಎಷ್ಟು ಹಬ್ಬಿತ್ತಂದ್ರ, ಸೆಪ್ಟೆಂಬರ್ ಮೊದಲನೇ ವಾರದಾಗ ನಮ್ಮ ರಾಜ್ಯ ಸರಕಾರ ಅದನ್ನ ಸಾಂಕ್ರಾಮಿಕ ರೋಗ ಅಂತನ ಘೋಷಣಾ ಮಾಡಿತ್ತು. ಶನಿವಾರ ಮುಂಜಾನೆ ರಕ್ತ ಕೊಟ್ವಿ, ಸಂಜಿಗೆ ಎನ್‌ಎಸ್1 ಪಾಸಿಟಿವ್ ಅಂತ ಬಂತು. ಡಾಕ್ಟರು “ಪ್ರವಾಸದ ಮಾತ ಬ್ಯಾಡ” ಅಂದ್ರು. ಭಾನುವಾರ ರಾತ್ರಿ ನಾ ಹೊಟೇಲಿಗೆ ಪತ್ರ ಬರದೆ. ಸೋಮವಾರ ಎರಡು ಸಾಲಿನ ಉತ್ತರ ಬಂತು: ಪಾಲಿಸಿ ಪ್ರಕಾರ ವಾಪಸ್ ಇಲ್ಲ, ದಯವಿಟ್ಟು ಸಹಕರಿಸಬೇಕು.

ಮಂಗಳವಾರ ಫೋನ್ ಮಾಡಿದೆ. ಅವತ್ತು ಹುಡುಗನ ಜ್ವರ ಇಳಿದಿದ್ವು. ಅದನ್ನೂ ಇದ್ದದ್ದು ಇದ್ದಂಗ ಹೇಳಿದೆ. ಆ ಕಡಿಂದ ಅರ್ಧ ಕನ್ನಡ, ಅರ್ಧ ಇಂಗ್ಲೀಷಿನಾಗ ಒಬ್ಬಾಂವ, “ಜ್ವರ ಬಿಟ್ಟಾವಲ್ಲ ಮೇಡಂ, ಇನ್ನೇನು? ಬರ್ರಿ, ಇಲ್ಲಿ ಹವಾ ತಂಪದ, ಹುಡುಗಗ ಛಲೋ ಆಗ್ತದ” ಅಂದಾ.

ಇದನ್ನ ಓದೋ ತಾಯಂದಿರು ಇದೊಂದು ಮಾತು ಮನಸಿನಾಗ ಇಟ್ಟುಕೊಳ್ರಿ, ಹೊಟೇಲ್ ಗಿಟೇಲ್ ಏನರ ಆಗ್ಲಿ. ಡೆಂಗ್ಯೂದೊಳಗ ಜ್ವರ ಇಳಿದ ಮ್ಯಾಲಿನ ಒಂದೆರಡು ದಿನನ ಹೆಚ್ಚು ಅಂಜಬೇಕಾದದ್ದು. ಹುಡುಗ ಎದ್ದು ಕೂತಾ, ಇಡ್ಲಿ ಬೇಡಿದಾ ಅಂತ ನಾವು ಹಗುರಾಗಿರ್ತೇವಿ. ಆವಾಗನ ಹೊಟ್ಟಿನೋವು, ಮ್ಯಾಲಿಂದ ಮ್ಯಾಲೆ ವಾಂತಿ, ವಸಡಿನಾಗ ರಕ್ತ, ಕೈಕಾಲು ತಣ್ಣಗಾಗೂದು, ಹುಡುಗ ಮಂಕಾಗೂದು ಇವೆಲ್ಲಾ ಶುರು ಆಗಬಹುದು. ಆ ಹೊತ್ತಿನಾಗ ಆಸ್ಪತ್ರಿ ಹತ್ರ ಇರಬೇಕು. ಅಂಥ ಹುಡುಗನ್ನ ರಾತ್ರಿ ರೈಲಿನಾಗ ಮಲಗಿಸಿಕೊಂಡು ಮೈಸೂರಿಗೆ ಹೋಗಿ, ಅಲ್ಲಿಂದ ಘಾಟ್ ಹತ್ತಿ ಎರಡು ಸಾವಿರ ಮೀಟರಿಗಿಂತ ಎತ್ತರದ ಊರಿಗೆ ಒಯ್ಯಬೇಕಂತ! ಯಾಕಂದ್ರ ಕರಾರಿನಾಗ ‘ವಾಪಸ್ ಇಲ್ಲ’ ಅಂತ ಬರದಾರ. ನನಗ ಸಿಟ್ಟು ನೆತ್ತಿಗೆ ಏರಿದ್ದು ರೊಕ್ಕದ ಸಂಬಂಧ ಅಲ್ಲವಾ, ಈ ಮಾತಿಗೆ. ರೊಕ್ಕ ಹೋಗ್ತದ ಅನ್ನೋ ಸಂಕಟಕ್ಕ ಹೆದರಿ ಎಷ್ಟು ಮನಿಯವರು “ಜ್ವರ ಬಿಟ್ಟಾವ, ನಡೀರಿ” ಅಂತ ಹೊಂಟಿರಬಹುದು? ಮೊಮ್ಮಕ್ಕಳ ರೊಕ್ಕ ದಂಡ ಆಗ್ತದ ಅಂತ ಎದಿನೋವು ನುಂಗಿಕೊಂಡು ಬಸ್ ಹತ್ತಿದ ಅಜ್ಜಿಯರು ಎಷ್ಟು ಮಂದಿ? ಆ ಎರಡು ಶಬ್ದಕ್ಕ ಇಷ್ಟು ಶಕ್ತಿ ಅದ. ಅದಕ್ಕ ಇದು ಬರೇ ಜಿಪುಣತನದ ಪ್ರಶ್ನೆ ಅಂತ ತಳ್ಳಿಹಾಕಬ್ಯಾಡ್ರಿ.

ಈಗ ನನಗ ಎದುರು ಮಾತಾಡಿದವರ ಕಡೆ ಬರ್ತೇನಿ. ಅವರೇನು ಪರದೇಶದವರಲ್ಲ, ನಮ್ಮ ಮಂದಿನ.

ಮೊದಲನೇದವರು ನಮ್ಮ ಭಾವನವರು. ಬ್ಯಾಂಕಿನಾಗ ಇದ್ದು ರಿಟೈರ್ ಆದವರು, ಎಲ್ಲಾ ಮಾತೂ ಪೆನ್ಸಿಲ್ ಹಿಡಕೊಂಡ ಆಡ್ತಾರ. “ನೀವು ಕಡಿಮಿ ದರ ತಗೊಂಡ್ರಿ, ಅದರ ಬದಲಿ ಅಪಾಯಾನೂ ತಗೊಂಡ್ರಿ. ಸೋವಿ ಬೇಕು, ಜೋಖಮ್ ಬ್ಯಾಡ ಅಂದ್ರ ಹೆಂಗ?” ಅಂದ್ರು. ಮಾತಿನಾಗ ಹುರುಳದ, ನಾ ಇಲ್ಲ ಅನ್ನಂಗಿಲ್ಲ. ಬ್ಯಾಸರಾತು, ಗೆಳತಿ ಮದಿವಿ ಅದೇ ದಿನ ಬಂತು, ಮಳಿ ಬರ್ತದಂತ ಅಂತ ರದ್ದು ಮಾಡಿದ್ರ ಅದು ನಮ್ಮ ಜೋಖಮ್, ಒಪ್ಪಿದೆ. ಆದ್ರ ಜೋಖಮಿಗೂ ಒಂದು ಅಳತಿ ಬ್ಯಾಡೇನು? 500 ರೂಪಾಯಿ ಸೋವಿ ಕೊಟ್ಟವರು 500ರ ಅಳತಿಯ ಜೋಖಮ್ ನಮ್ಮ ಮ್ಯಾಲೆ ಹಾಕ್ಲಿ, ಸಾವಿರದ್ದರ ಹಾಕ್ಲಿ. ಹುಡುಗ ಆಸ್ಪತ್ರ್ಯಾಗ ಮಲಗಿದ್ರೂ ಪೂರಾ ಗಂಟು ನಂದು ಅನ್ನೂದು ಯಾವ ತಕ್ಕಡಿ? ನಮ್ಮ ಭಾವನವರಿಗೆ ನಾ ಕೇಳಿದ್ದು ಇಷ್ಟ: ನಿಮ್ಮ ಮಗಳ ಮದಿವ್ಯಾಗ ಅಡಿಗಿ ಆಚಾರ್ರಿಗೆ ಮುಂಗಡ ಕೊಟ್ಟಿದ್ರಿ. ಹದಿನೈದು ದಿನ ಇದ್ದಾಗ ಸೂತಕ ಬಂತು, ಮದಿವಿ ಮುಂದ ಹೋತು. ಆಚಾರ್ರು ಏನು ಮಾಡಿದ್ರು? ತಂದಿಟ್ಟಿದ್ದ ರವಾ, ಬ್ಯಾಳಿ ಲೆಕ್ಕಾ ಹಿಡಕೊಂಡು, ಉಳಿದದ್ದನ್ನ ಮುಂದಿನ ತಾರೀಖಿಗೆ ಜಮಾ ಮಾಡಿಕೊಂಡ್ರು. ಯಾವ ಪಾಲಿಸಿ ಓದಿದ್ರು ಅವರು? ಮಾತಾಡಿದ್ದ ಒಂದು: “ಯಾರ ಮನ್ಯಾಗೂ ಹೇಳಿ-ಕೇಳಿ ಬರಂಗಿಲ್ಲ ಬಿಡ್ರಿ.” ಭಾವನವರು ಪೆನ್ಸಿಲ್ ಕೆಳಗಿಟ್ಟು ಚಹಾ ಕೇಳಿದ್ರು.

ನಮ್ಮ ಭಿಶಿನೂ ಹಿಂಗ ನಡೀತದಲ್ಲ. ಯಾರದರ ಮನ್ಯಾಗ ಆಸ್ಪತ್ರಿ ಬಂತಂದ್ರ ಆ ತಿಂಗಳ ಚೀಟಿ ಎತ್ತದನ ಅವರಿಗೆ ಕೊಡ್ತೇವಿ. ನಿಯಮ ಇಲ್ಲ ಅಂತಲ್ಲ. ನಿಯಮದೊಳಗ ಮನುಷಾರಿಗೆ ಒಂದು ಕಿಡಕಿ ಇಟ್ಟೇವಿ.

ಎರಡನೇದವರು ಬಾಜೂಕಿನ ಮನಿ ಮಾಮಿ. “ಹೋಗ್ಲಿ ಬಿಡವಾ, ಹುಡುಗ ಹುಷಾರಾದನಲ್ಲ, ಪೀಡಾ ಹೋತು ಅನ್ನು. ರೊಕ್ಕದ ಮ್ಯಾಲೆ ಹೋತು, ಜೀವದ ಮ್ಯಾಲೆ ಬರಲಿಲ್ಲ.” ಇದನ್ನ ಮಾಯಾದಿಂದನ ಹೇಳಿದ್ರು, ದಿನಾ ಡಬ್ಬಿ ಕಳಿಸಿದವರು ಅವರ, ಅವರ ಋಣ ಅದ ನಮ್ಮ ಮ್ಯಾಲೆ. ಆದ್ರ ಮಾಮಿ, ಹುಡುಗನ್ನ ಉಳಿಸಿದವರು ಡಾಕ್ಟರು, ನರ್ಸಬಾಯಿಯರು. ರಾತ್ರಿ ಎರಡಕ್ಕೆದ್ದು ಓಆರ್‌ಎಸ್ ಕುಡಿಸಿದಾಕಿ ನನ್ನ ವಾರಗಿತ್ತಿ. ದೇವರಿಗೆ ತುಪ್ಪದ ದೀಪಾ ಹಚ್ಚಿದ್ವಿ, ರಾಯರ ಮಠಕ್ಕ ಹೋಗಿ ಬಂದ್ವಿ. ಊಟಿ ಹೊಟೇಲಿನವಂಗ ಯಾವ ಹರಕಿ ಹೊತ್ತಿದ್ವಿ ನಾವು, 20,400 ಮುಟ್ಟಿಸಲಿಕ್ಕೆ? ‘ಪೀಡಾ ಹೋತು’ ಅನ್ನೋ ಮಾತು ಕಳಕೊಂಡವರ ಸಮಾಧಾನಕ್ಕ ಛಲೋ. ಕೇಳೋ ಮೊದಲನ ಆ ಮಾತು ಅಂದುಕೊಂಡ್ರ ಪೀಡಾ ಹೋಗಂಗಿಲ್ಲ, ಅದಕ್ಕ ದಾರಿ ರೂಢಿ ಆಗ್ತದ. ಮತ್ತ ಈ ಸಮಾಧಾನ ಯಾವಾಗ್ಲೂ ಹೆಂಗಸರ ರೊಕ್ಕಕ್ಕನ ಯಾಕ ಬರ್ತದ ಅನ್ನೂದನ್ನೂ ಒಂದು ಸಲ ವಿಚಾರ ಮಾಡ್ರಿ. ಗಂಡಸರ ಎಫ್‌ಡಿ ಬಡ್ಡಿಯೊಳಗ ನೂರು ರೂಪಾಯಿ ಕಡಿಮಿ ಬಂದ್ರ ಯಾರೂ ಪೀಡಾ ಹೋತು ಅನ್ನಂಗಿಲ್ಲ, ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಮುಂದ ಕೂಡ್ತಾರ.

ಮೂರನೇದವರ ಮ್ಯಾಲೆ ನನಗ ಎಲ್ಲಾರಕಿಂತ ಹೆಚ್ಚು ಸಿಟ್ಟು. ಇವರು ನಮ್ಮ ಪರವಾಗಿನ ಇದ್ದವರು. “ಅಯ್ಯ, ಒಂದು ಸರ್ಟಿಫಿಕೇಟ್ ಬರಿಸಿಬಿಡು, ನಮ್ಮ ಪರಿಚಯದ ಡಾಕ್ಟರಿದ್ದಾರ, ಏನ ಬೇಕಂದ್ರೂ ಬರದುಕೊಡ್ತಾರ. ನಾವು ಹೋದ ವರ್ಷ ಹಂಗ ಮಾಡಿ ಪೂರಾ ತಗೊಂಡ್ವಿ.” ಮತ್ತೊಬ್ಬಾಕಿ, “ಒಂದು ಸ್ಟಾರ್ ಕೊಟ್ಟು ಹೊಲಸು ರಿವ್ಯೂ ಹಾಕ್ತೇನಿ ಅಂತ ಹೆದರಿಸು” ಅಂದ್ಲು. ತಂಗೀ, ನಮ್ಮ ಖರೆ ಡೆಂಗ್ಯೂ ರಿಪೋರ್ಟ್ ಕಳಿಸಿದಾಗ ಆ ಹೊಟೇಲಿನಾಂವ ಯಾಕ ನಂಬಲಿಲ್ಲ ಗೊತ್ತದೇನು? “ಎಲ್ಲಾರೂ ಹಿಂಗ ಕಳಸ್ತಾರ ಮೇಡಂ” ಅಂದಾ. ಆ ‘ಎಲ್ಲಾರೂ’ ಅಂದ್ರ ನೀವ. ನಿಮ್ಮ ಸುಳ್ಳು ಹೊಟ್ಟಿನೋವಿನ ಕಾಗದದ ಬೆಲಿ ನಮ್ಮ ಹುಡುಗನ ಖರೆ ಪ್ಲೇಟ್ಲೆಟ್ ಎಣಿಕಿ ಕೊಡಬೇಕಾತು. ಇನ್ನ ರಿವ್ಯೂ ಅನ್ನೂದು ಅಲ್ಲೆ ಮಲಗಿ ಎದ್ದವರು, ಹಾಸಿಗಿ-ಬಚ್ಚಲಾ ನೋಡಿದವರು ಬರೀಬೇಕಾದದ್ದು. ನಾವು ಮೆಟ್ಟಲಾನೂ ಹತ್ತದ ಹೊಟೇಲಿನ ಬಚ್ಚಲಾ ಹೊಲಸು ಅಂತ ಬರೀಲೇನು? ಅದು ಬೆದರಿಕಿ. ಬೆದರಿಸಿ ಇಸಗೊಂಡದ್ದು ಹಕ್ಕಾಗಂಗಿಲ್ಲ.

ಹಂಗಾದ್ರ ಹಕ್ಕು ಯಾವುದು? ನಾ ವಕೀಲರ ಮನಿಯಾಕಿ ಅಲ್ಲ, ಆದ್ರ ಓದಲಿಕ್ಕೆ ಬರ್ತದ. 1872ರ ಭಾರತೀಯ ಕರಾರು ಕಾಯ್ದೆ ಅಂತ ಒಂದದ. ನಮ್ಮ ಮುತ್ತಜ್ಜಿಯರು ಹುಟ್ಟೋ ಮೊದಲಿಂದೂ ಇರೋದು. ಅದರ 74ನೇ ಕಲಮು ಏನು ಹೇಳ್ತದಂದ್ರ, ಕರಾರು ಮುರದ್ರ ಇಷ್ಟು ರೊಕ್ಕ ಅಂತ ಮೊದಲ ಬರಕೊಂಡಿದ್ರೂ ಆ ಅಂಕಿ ಮ್ಯಾಲಿನ ಮಿತಿ ಅಷ್ಟ. ಅದರೊಳಗ ಎಷ್ಟು ನ್ಯಾಯವೋ ಅಷ್ಟು ಪರಿಹಾರ ಮಾತ್ರ ಸಿಗ್ತದ. 2015ರಾಗ ಕೈಲಾಶ್ ನಾಥ್ ಅಸೋಸಿಯೇಟ್ಸ್ ಅನ್ನೋರ ಪ್ರಕರಣದಾಗ ಸುಪ್ರೀಂ ಕೋರ್ಟು ಇದನ್ನ ಬಿಡಿಸಿ ಹೇಳ್ತು: ಮುಂಗಡ ಮುಟ್ಟುಗೋಲು ಹಾಕ್ಕೊಳ್ಳಲಿಕ್ಕೆ ನಷ್ಟ ಅಂತ ಒಂದು ಆಗಿರಬೇಕು. ಅದು ದೆಹಲಿಯ ಜಾಗಾದ ಹರಾಜಿನ ಪ್ರಕರಣ, ಹೊಟೇಲಿಂದಲ್ಲ, ಆದ್ರ ಸೂತ್ರ ಒಂದ. ನಮ್ಮ ಅಡಿಗಿ ಆಚಾರ್ರು ಯಾವ ಕೋರ್ಟನ್ನೂ ಕೇಳದ ಮಾಡಿದ್ದು ಇದನ್ನ ಅಲ್ಲೇನು? ರವಾ-ಬ್ಯಾಳಿ ಲೆಕ್ಕಾ ಹಿಡಕೊಳ್ಳೂದು, ಉಳಿದದ್ದು ಬಿಡೂದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಸೀದಾ ಹೇಳ್ತದ. ಎದುರಿನವರಿಗೆ ಆದ ನಷ್ಟಕ್ಕ ಏನೇನೂ ಹೊಂದದಷ್ಟು ದಂಡ ಗ್ರಾಹಕರ ಮ್ಯಾಲೆ ಹಾಕೋ ಕರಾರನ್ನ ಆ ಕಾಯ್ದೆ ‘ಅನುಚಿತ ಕರಾರು’ ಅಂತ ಕರೀತದ. ಇದು 2020ರ ಜುಲೈ ತಿಂಗಳದಿಂದ ಜಾರಿಯೊಳಗ ಅದ. ಆದ್ರ ಒಂದು ಗಂಟು ಅದ, ಅದನ್ನೂ ತಿಳಕೊಳ್ರಿ: ಕರಾರ ಅನುಚಿತ ಅಂತ ವಾದ ಹೂಡೂದಾದ್ರ ಜಿಲ್ಲಾ ಆಯೋಗದಾಗ ನಡ್ಯಂಗಿಲ್ಲ, ರಾಜ್ಯ ಆಯೋಗಕ್ಕ ಹೋಗಬೇಕು. ಸೇವಾದೊಳಗ ಕೊರತಿ, ಅನುಚಿತ ವ್ಯಾಪಾರ ಪದ್ಧತಿ ಅಂತಾದ್ರ ಜಿಲ್ಲಾ ಆಯೋಗನ ಸಾಕು. ಇಷ್ಟೆಲ್ಲಾ ಇದ್ರೂ ಪ್ರತಿ ಸಲ ಗೆಲ್ತೇವಿ ಅಂತ ನಾ ಯಾರಿಗೂ ಮಾತು ಕೊಡಂಗಿಲ್ಲ. ಕೇಳಲಿಕ್ಕೆ ನೆಲಿ ಅದ ಅಂತ ಮಾತ್ರ ಹೇಳತೇನಿ. ಕೊರೋನಾದಾಗ ನೋಡಿದ್ರಲ್ಲ, ವಿಮಾನದವರೂ ಮೊದಲು ರೊಕ್ಕ ಇಲ್ಲ, ಮುಂದಿನ ಪ್ರವಾಸಕ್ಕ ಜಮಾ ಅಂತಿದ್ರು. 2020ರ ಅಕ್ಟೋಬರ್ 1ಕ್ಕ ಸುಪ್ರೀಂ ಕೋರ್ಟು, ಲಾಕ್‌ಡೌನಿನಾಗ ಬುಕ್ ಮಾಡಿ ಲಾಕ್‌ಡೌನಿನಾಗನ ಹೋಗಬೇಕಾಗಿದ್ದ ಟಿಕೀಟಿನ ರೊಕ್ಕ ಪೂರಾ ವಾಪಸ್ ಕೊಡ್ರಿ ಅಂದಿತು. ಯಾರೋ ಕುಂತು ಕೇಳಿದ್ದಕ್ಕ ಅದು ಆತು. ತಾನಾಗೇ ಆಗಲಿಲ್ಲ.

ಮತ್ತ ಅಳತಿ ಹಾಕಿ ದಂಡ ತಗೊಳ್ಳಲಿಕ್ಕೆ ಬರಂಗಿಲ್ಲ ಅನ್ನೋರು ನಮ್ಮ ರೈಲ್ವೆಯವರನ್ನ ನೋಡ್ಲಿ. ಅದ ಪ್ರವಾಸಕ್ಕ ಹುಬ್ಬಳ್ಳಿ-ಮೈಸೂರು ಸ್ಲೀಪರ್ ಟಿಕೀಟು ತಗಸಿದ್ವಿ, ಏಳು ಮಂದಿದು. 48 ತಾಸಿನ ಮೊದಲು ರದ್ದು ಮಾಡಿದ್ದಕ್ಕ ತಲಿಗೆ 120 ರೂಪಾಯಿ ಹಿಡಕೊಂಡು ಉಳಿದದ್ದು ವಾಪಸ್ ಹಾಕಿದ್ರು. 48ರಿಂದ 12 ತಾಸಿನೊಳಗಾದ್ರ ಕಾಲು ಭಾಗ, 12ರಿಂದ 4 ತಾಸಿನೊಳಗಾದ್ರ ಅರ್ಧ, ಇದು ಆವಾಗಿನ ಲೆಕ್ಕಾ. ಹೊತ್ತು ಹತ್ರ ಬಂದಂಗ ದಂಡ ಏರ್ತದ, ಯಾಕಂದ್ರ ಸೀಟು ಮತ್ತೊಬ್ಬರಿಗೆ ಮಾರೋ ಹೊತ್ತು ಕಡಿಮಿ ಆಗ್ತದ. ಇದು ನ್ಯಾಯ. ಇಡೀ ದೇಶದ ರೈಲು ನಡಸೋರಿಗೆ ತಾಸು ಎಣಸಲಿಕ್ಕೆ ಬರ್ತದ, ನಲವತ್ತು ರೂಮಿನ ಹೊಟೇಲಿಗೆ ಬರಂಗಿಲ್ಲ!

ಇಲ್ಲೆ ಒಂದು ಮಾತು ಬ್ಯಾರೆ ಮಾಡಿ ಹೇಳಬೇಕು. ಶಿರಸಿ ಕಡೆ, ಕೊಡಗಿನ ಕಡೆ ಎರಡು ಕೋಣಿ ಇಟ್ಟುಕೊಂಡು ಹೋಮ್‌ಸ್ಟೇ ನಡಸೋ ಅಕ್ಕಂದಿರಿದ್ದಾರ. ನೀವು ಬರ್ತೀರಿ ಅಂತ ಹಾಲು ಹೆಚ್ಚಿಗೆ ಹೇಳಿರ್ತಾರ, ಹಲಸಿನಕಾಯಿ ಕೊಯ್ಸಿಟ್ಟಿರ್ತಾರ, ಬ್ಯಾರೆಯವರಿಗೆ ಇಲ್ಲ ಅಂದಿರ್ತಾರ. ಮುನ್ನಾದಿನ ನೀವು ಬರಂಗಿಲ್ಲ ಅಂದ್ರ ಅವರ ಆ ವಾರದ ಗಳಿಕಿನ ಹೋತು. ಅವರ ಜೋಡಿ 74ನೇ ಕಲಮು ಮಾತಾಡಬ್ಯಾಡ್ರಿ. ತಾರೀಖು ಬದ್ಲಿ ಮಾಡಿಕೊಡ್ತೀರೇನು ಅಂತ ಕೇಳ್ರಿ, ಆಗಂಗಿಲ್ಲ ಅಂದ್ರ ಅರ್ಧ ಅವರ ಕಡೆನ ಇರ್ಲಿ. ನನ್ನ ಜಗಳ ರೂಮು ಖಾಲಿ ಉಳೀದನ, ನಷ್ಟ ಆಗದನ, ಒಂದ ರೂಮಿಗೆ ಎರಡು ಸಲ ರೊಕ್ಕ ತಗೊಳ್ಳೋರ ಜೋಡಿ.

ಅದನ್ನ ನಾ ಕಣ್ಣಾರೆ ನೋಡಿದೆ. ಭಾನುವಾರದ ಪತ್ರದಾಗನ ನಾ ಒಂದು ಸಾಲು ಬರದಿದ್ದೆ: “ಈ ಎರಡೂ ರೂಮು ಇವತ್ತ ನಾವು ಬಿಟ್ಟುಕೊಟ್ಟೇವಿ, ನೀವು ಬ್ಯಾರೆಯವರಿಗೆ ಕೊಡಬಹುದು.” ಬುಧವಾರ, 9ನೇ ತಾರೀಖು ಮುಂಜಾನೆ ಆ್ಯಪ್ ತಗದು ನೋಡಿದ್ರ ಅದ ಹೊಟೇಲು, ಅದ ನಮೂನಿ ರೂಮು, ಅದ ಮೂರು ರಾತ್ರಿ, ‘ಎರಡ ರೂಮು ಉಳಿದಾವ’ ಅಂತ ಕೆಂಪು ಅಕ್ಷರದಾಗ ತೋರಸ್ತಿತ್ತು. ದರ ಎಷ್ಟು? ರಾತ್ರಿಗೆ 5,200! ದಸರಾ ಗದ್ದಲ ನೋಡ್ರಿ. ಮಧ್ಯಾಹ್ನ ಅನ್ನಕ್ಕ ಇಟ್ಟು ಮತ್ತ ನೋಡಿದೆ, ಒಂದು ಹೋಗಿತ್ತು. ಸಂಜಿ ದೀಪಾ ಹಚ್ಚೂದ್ರಾಗ ಎರಡೂ ಹೋಗಿದ್ವು. ಮೂರೂ ಸಲ ಸ್ಕ್ರೀನ್‌ಶಾಟ್ ತಗದಿಟ್ಟೆ, ತಾರೀಖು-ತಾಸು ಕಾಣೋಹಂಗ. ನಷ್ಟ ಎಲ್ಲದ ಹೇಳ್ರಿ? ನಾವು ಹೋಗಿದ್ರ ಅವರಿಗೆ ಬರ್ತಿದ್ದದ್ದು 20,400. ನಾವು ಹೋಗದ್ದಕ್ಕ ಹೊಸಬರ ಕಡಿಂದ 31,200, ಮ್ಯಾಲೆ ನಮ್ಮದೂ ಇಟ್ಟುಕೊಂಡ್ರ 51,600. ನಮ್ಮ ಹುಡುಗನ ಡೆಂಗ್ಯೂ ಅವರಿಗೆ ದಸರಾ ಬೋನಸ್ ಆಗಿಬಿಡ್ತು!

ಆ ರಾತ್ರಿ ಆಸ್ಪತ್ರಿ ಬಾಕಡಾ ಮ್ಯಾಲೆ ಕೂತು ಎರಡನೇ ಪತ್ರ ಬರದೆ. ಹೊಟೇಲಿಗೂ ಆ್ಯಪ್‌ನವರಿಗೂ ಒಂದ ಪತ್ರದಾಗ, ಇಬ್ಬರಿಗೂ ಇಬ್ಬರ ವಿಳಾಸ ಕಾಣೋಹಂಗ. ಇದು ಮುಖ್ಯ. ಬ್ಯಾರೆ ಬ್ಯಾರೆ ಬರದ್ರ ಆ್ಯಪ್‌ನವರು ಹೊಟೇಲ್ ಕಡೆ ಕೈ ಮಾಡ್ತಾರ, ಹೊಟೇಲಿನವರು ಆ್ಯಪ್ ಕಡೆ. ನಡುವ ನಾವು ಬೀಗರ ಜಗಳದಾಗಿನ ಸೊಸಿಹಂಗ ಆಗತೇವಿ. ಪತ್ರದಾಗ ಅಳಲಿಲ್ಲ, ಬಯ್ಯಲಿಲ್ಲ. ಹೆಚ್ಚು ಕಡಿಮಿ ಹಿಂಗಿತ್ತು:

“ಬುಕ್ಕಿಂಗ್ ವಾಪಸ್ ಇಲ್ಲದ ದರದ್ದು ಅಂತ ನಮಗೆ ಗೊತ್ತಿದೆ. ಒಂಬತ್ತು ವರ್ಷದ ಮಗುವಿಗೆ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿದೆ. ಲ್ಯಾಬ್ ವರದಿ, ದಾಖಲಾತಿ ಚೀಟಿ, ಪ್ರವಾಸ ಬೇಡವೆಂದ ವೈದ್ಯರ ಪತ್ರ ಲಗತ್ತಿಸಿದ್ದೇನೆ. 6ನೇ ತಾರೀಖಿಗೇ ರೂಮು ಬಿಟ್ಟುಕೊಟ್ಟಿದ್ದೇವೆ. ಅವು ಹೆಚ್ಚಿನ ದರಕ್ಕೆ ಮಾರಾಟವಾದ ಚಿತ್ರಗಳೂ ಇವೆ. ನಿಮಗೆ ಆಗಿರುವ ನಷ್ಟವೆಷ್ಟು ಎಂದು ಬರೆದು ತಿಳಿಸಿರಿ. ಒಂದು ರಾತ್ರಿಯ ಬಾಡಿಗೆ 6,800 ನೀವು ಇಟ್ಟುಕೊಳ್ಳಲು ನಮ್ಮ ಒಪ್ಪಿಗೆ ಇದೆ. ಉಳಿದ 13,600 ಹದಿನೈದು ದಿನದೊಳಗೆ ಮರಳಿಸಬೇಕು. ಇಲ್ಲವಾದರೆ ಗ್ರಾಹಕ ಸಹಾಯವಾಣಿಗೆ, ನಂತರ ನಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇವೆ.”

ಒಂದು ರಾತ್ರೀದು ಯಾಕ ಬಿಟ್ಟೆ ಅಂತ ವಾರಗಿತ್ತಿ ಮುನಸಿಕೊಂಡ್ಲು. ನಾವು ಸೋವಿ ದರ ಅಂತ ತಗೊಂಡದ್ದು ಖರೆ, ಅವರೂ ನಾಲ್ಕು ದಿನದ ಮುಂದ ಮತ್ತ ಗಿರಾಕಿ ಹುಡುಕಿದ್ದು ಖರೆ. ನಮ್ಮ ಕಡಿಂದ ನಾವ ಒಂದು ನ್ಯಾಯದ ಅಳತಿ ಮುಂದಿಟ್ರ ಎದುರಿನವರಿಗೆ ‘ಎಲ್ಲಾ ಬೇಕಂತಾರ’ ಅನ್ನಲಿಕ್ಕೆ ಬರಂಗಿಲ್ಲ. “ನಷ್ಟ ಎಷ್ಟು ಅಂತ ಬರದು ತಿಳಿಸ್ರಿ” ಅನ್ನೋ ಸಾಲಿಗೆ ಉತ್ತರ ಇವತ್ತಿನತನಕ ಬಂದಿಲ್ಲ. ಅದಕ್ಕ ಉತ್ತರ ಇಲ್ಲಲ್ಲ!

ಹದಿನೈದು ದಿನ ಆದ್ರೂ ಸುದ್ದಿ ಇಲ್ಲ. 1915ಕ್ಕ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಫುಕಟ್ ನಂಬರು, ಕನ್ನಡದಾಗನೂ ಮಾತಾಡ್ತಾರ. ದೂರಿನ ನಂಬರ್ ಕೊಟ್ರು. ಅವರು ತೀರ್ಪು ಕೊಡೋರಲ್ಲ, ಕಂಪನಿಗೆ ದೂರು ಮುಟ್ಟಿಸಿ ಉತ್ತರ ಕೇಳೋರು. ಅಷ್ಟಕ್ಕ ಆ್ಯಪ್‌ನವರ ದನಿ ಬದಲಾತು. ‘ವಿಶೇಷ ಪ್ರಕರಣ, ಸದ್ಭಾವನೆಯಿಂದ’ ಅಂತ ಬರದು ನವೆಂಬರ್ 4ಕ್ಕ 13,600 ವಾಪಸ್ ಹಾಕಿದ್ರು. ಪತ್ರ ಬರದು 26 ದಿನಕ್ಕ. ಸದ್ಭಾವನೆ ಅಂತ! ನಮ್ಮ ರೊಕ್ಕ ನಮಗ ಕೊಟ್ಟು ದಾನ ಮಾಡಿದಂಗ ಬರದಾರ. ವಾರಗಿತ್ತಿ ತನ್ನ ಪಾಲಿನಾಗ ದೊಡ್ಡ ಚಕ್ಕಲಿ ಒರಳು ತಗೊಂಡ್ಲು, ಊಟಿ ಆ ವರ್ಷ ಆಗಲಿಲ್ಲ.

ಹೋದ ವಾರ ಗದಗಿನ ವೈನಿ ಫೋನ್ ಮಾಡಿದ್ರು. ಅವರ ಅತ್ತಿ ಬಚ್ಚಲದಾಗ ಜಾರಿ ಟೊಂಕದ ಎಲುವು ಮುರಕೊಂಡಾರ, ಮುಂದಿನ ತಿಂಗಳಿನ ಬುಕ್ಕಿಂಗ್ ಅದ, ‘ವಾಪಸ್ ಇಲ್ಲ’ದ್ದು. “ಬಿಟ್ಟೇವಿ ತಗೋ” ಅಂದ್ರು. ವೈನಿ, ಬಿಡಬ್ಯಾಡ್ರಿ. ಇನ್ನೂ ಮೂರು ವಾರ ಅದ ನಿಮ್ಮ ಕೈಯಾಗ, ನಮಗ ಇದ್ದದ್ದು ನಾಲ್ಕ ದಿನ. ಆ್ಯಪ್‌ನಾಗಿನ ರದ್ದು ಬಟನ್ ಈಗ ಒತ್ತಬ್ಯಾಡ್ರಿ, ಒತ್ತಿದ್ರ ‘ವಾಪಸ್ ಸೊನ್ನೆ’ ಅಂತ ಬರದದ್ದಕ್ಕ ನೀವ ಒಪ್ಪಿದಂಗ ಅಂತ ಅವರು ವಾದ ಮಾಡ್ತಾರ. ಮೊದಲು ಇಬ್ಬರಿಗೂ ಕೂಡಿ ಪತ್ರ ಬರೀರಿ, ರೂಮು ಬಿಟ್ಟುಕೊಟ್ಟೇವಿ ಅಂತ ಸ್ಪಷ್ಟ ಹೇಳ್ರಿ, ತಾರೀಖು ಮುಂದ ಹಾಕಿದ್ರೂ ನಡೀತದ ಅಂತ ಒಂದು ದಾರಿ ಕೊಡ್ರಿ. ಎಕ್ಸ್-ರೇ, ಡಿಸ್ಚಾರ್ಜ್ ಕಾಗದ ಫೋಟೋ ತಗದು ಹಚ್ರಿ. ಫೋನಿನಾಗ ಅವರು ಏನು ಹೇಳಿದ್ರೂ ಅದ ದಿನ “ನೀವು ಫೋನಿನಾಗ ಹಿಂಗ ಹೇಳಿದ್ರಿ” ಅಂತ ಬರದು ಕಳಿಸ್ರಿ. ಆ ದಿನಗಳ ದರ ಎರಡು ದಿನಕ್ಕೊಮ್ಮೆ ನೋಡಿ ಚಿತ್ರ ತಗದಿಡ್ರಿ. ಅಷ್ಟಾಗಿನೂ ಕೊಡಲಿಲ್ಲಂದ್ರ ಗದಗದಾಗನ ಜಿಲ್ಲಾ ಗ್ರಾಹಕರ ಆಯೋಗ ಅದ. ಹೊಟೇಲ್ ಯಾವ ಊರಾಗಿದ್ರೂ ನೀವು ಇರೋ ಊರಾಗ ದೂರು ಕೊಡಬಹುದು, ಎರಡು ವರ್ಷದೊಳಗ. ಕೊಟ್ಟ ರೊಕ್ಕ ಐದು ಲಕ್ಷದ ಒಳಗಿದ್ರ ಫೀ ಇಲ್ಲ, ವಕೀಲರು ಬೇಕೇಬೇಕು ಅಂತನೂ ಇಲ್ಲ.

ಪತ್ರ ಇಂಗ್ಲೀಷಿನಾಗ ಬೇಕಂದ್ರ ನಂದು ಅದ, ವಾಟ್ಸಾಪ್ ಮಾಡತೇನಿ. ಹೆಸರು, ತಾರೀಖು, ಅಂಕಿ ಬದ್ಲಿ ಮಾಡಿ ಇವತ್ತ ರಾತ್ರಿನ ಕಳಿಸ್ರಿ. ಅತ್ತಿಯವರಿಗೆ ಹಾಲು, ಎಳ್ಳಿನ ಚಟ್ನಿ ದಿನಾ ಕೊಡ್ರಿ.